ಉದ್ದ ಕಡಿಮೆ ಇರುವ ಕಾರಿನಲ್ಲಿ ಜಾಗ ಜಾಸ್ತಿ ಹೇಗೆ? ಅವ್ವನ ಮೊಣಕಾಲು, ಮೆಣಸಿನಕಾಯಿ ಚೀಲ ಎರಡಕ್ಕೂ ಹೊಂದುವ ಗಾಡಿ ಬೇಕು

ವಿದ್ಯಾನಗರ ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಮನೆಗೆ ಕಾರು ತರಬೇಕು. ಎರಡು ವಾರದಿಂದ ಗೋಕುಲ ರಸ್ತೆಯ ಶೋರೂಮ್‌ಗಳನ್ನು ಸುತ್ತುತ್ತಿದ್ದೇವೆ. ಸುತ್ತಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾವು ಐದು ಜನ. ನಾನು, ನಮ್ಮ ಮನೆಯವರು, 11 ಮತ್ತು 8 ವರ್ಷದ ಎರಡು ಮಕ್ಕಳು, ಮತ್ತೆ ಅವ್ವ. ಅವ್ವನಿಗೆ 71 ವರ್ಷ. ಎರಡೂ ಮೊಣಕಾಲು ನೋವು. ತಿಂಗಳಿಗೆ ಒಮ್ಮೆಯಾದರೂ ಬ್ಯಾಡಗಿ ಹತ್ತಿರದ ನಮ್ಮ ಊರಿಗೆ ಹೋಗುತ್ತೇವೆ. ಹೋಗುವಾಗ ಬಟ್ಟೆಯ ಬ್ಯಾಗು, ರೊಟ್ಟಿ ಬುಟ್ಟಿ, ನೀರಿನ ಕ್ಯಾನು. ಬರುವಾಗ ಜೋಳ, ಕಾಯಿಪಲ್ಯೆ, ಹಂಗಾಮಿನಲ್ಲಿ ಒಂದು ಚೀಲ ಒಣಮೆಣಸಿನಕಾಯಿ. ಇಷ್ಟು ದಿನ ಬಾಡಿಗೆ ಗಾಡಿ ಮಾಡುತ್ತಿದ್ದೆವು.

ಮೂರು ಗಾಡಿ ನೋಡಿದ್ದೇವೆ. ಒಂದು ಸಣ್ಣ ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡ ಕಾರು, ಡಿಜೈರ್. ಒಂದು ಸಣ್ಣ ಎಸ್‌ಯುವಿ, ಬ್ರೆಝಾ. ಎರಡೂ 3995 ಮಿಲಿಮೀಟರ್ ಉದ್ದ. ಮೂರನೆಯದು ಎತ್ತರದ ಹ್ಯಾಚ್‌ಬ್ಯಾಕ್, ಅಂದರೆ ಡಿಕ್ಕಿ ಹೊರಗೆ ಚಾಚಿಕೊಂಡಿರದ ಕಾರು, ವ್ಯಾಗನ್ ಆರ್, 3655. ಅಂದರೆ ಉಳಿದೆರಡಕ್ಕಿಂತ ಒಂದು ಅಡಿಗೂ ಹೆಚ್ಚು ಗಿಡ್ಡ. ಆದರೆ ಅವ್ವ ಯಾರ ಕೈಯೂ ಹಿಡಿಯದೆ ಒಳಗೆ ಕುಳಿತದ್ದು ಆ ಗಿಡ್ಡ ಗಾಡಿಯಲ್ಲೇ. ಇದು ನನಗೆ ಅರ್ಥವೇ ಆಗಲಿಲ್ಲ. ಉದ್ದ ಕಡಿಮೆ ಇದ್ದರೆ ಒಳಗೆ ಇಕ್ಕಟ್ಟು ಆಗಬೇಕು ಅಲ್ವಾ?

ನಮ್ಮ ಮನೆಯವರಿಗೆ ಎಸ್‌ಯುವಿ ಬೇಕು. ಹೊಲಕ್ಕೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಎರೆ ಮಣ್ಣಿನ ದಾರಿ, ಎತ್ತರದ ಗಾಡಿಯೇ ಸರಿ ಅನ್ನುತ್ತಾರೆ. ಮಗಳಿಗೆ ಸನ್‌ರೂಫ್ ಬೇಕು. ಅವ್ವ ಮಾತ್ರ ಏನೂ ಕೇಳುತ್ತಿಲ್ಲ. ಗಾಡಿ ಗೊತ್ತಿರುವವರು ಬಿಡಿಸಿ ಹೇಳಿ.

ಧಾರವಾಡ ಬಾಡಿ ಶಾಪ್:

ಅಕ್ಕಾರ, ನಾನು ಧಾರವಾಡದಲ್ಲಿ ಬಸ್ ಬಾಡಿ ಕಟ್ಟುವ ಕೆಲಸದಲ್ಲಿ 14 ವರ್ಷದಿಂದ ಇದ್ದೇನೆ. ಕಾರು ನನ್ನ ಕೆಲಸ ಅಲ್ಲ. ಆದರೆ ಜಾಗದ ಲೆಕ್ಕ ಬಸ್ಸಿಗೂ ಕಾರಿಗೂ ಒಂದೇ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕೇಳಿದ್ದು ಒಳ್ಳೆಯ ಪ್ರಶ್ನೆ.

ಮೊದಲು ಆ 3995 ಎಲ್ಲಿಂದ ಬಂತು ಅಂತ ನೋಡೋಣ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್. ಅದೇ ಗೆರೆ ಇವತ್ತಿಗೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯ ಒಳಗಿನ ಕಾರಿಗೆ ಜಿಎಸ್‌ಟಿ ಶೇ 18, ಹೊರಗಿನದಕ್ಕೆ ಶೇ 40. ಐದು ಮಿಲಿಮೀಟರ್ ಉಳಿಸಿ 3995ಕ್ಕೆ ನಿಲ್ಲಿಸುವುದು ಅದಕ್ಕೇ. ನಮ್ಮ ದೇಶದಲ್ಲಿ ಕಾರಿನ ಉದ್ದವನ್ನು ಡಿಸೈನ್ ಮಾಡುವವನಿಗಿಂತ ಮೊದಲು ತೆರಿಗೆಯೇ ಗೀಟು ಹಾಕಿ ಕೊಟ್ಟಿರುತ್ತದೆ. ಆ ಗೀಟಿನ ಒಳಗೆ ಎಂಜಿನ್‌ಗೆ ಎಷ್ಟು, ಜನಕ್ಕೆ ಎಷ್ಟು, ಸಾಮಾನಿಗೆ ಎಷ್ಟು ಅಂತ ಹಂಚಬೇಕು. ಅಣ್ಣ ತಮ್ಮಂದಿರು ಹೊಲ ಹಂಚಿಕೊಂಡ ಹಾಗೆ. ಒಬ್ಬರಿಗೆ ಜಾಸ್ತಿ ಹೋದರೆ ಇನ್ನೊಬ್ಬರಿಗೆ ಕಡಿಮೆ.

ಈಗ ನಿಮ್ಮ ಪ್ರಶ್ನೆ. ಮನೆಯಲ್ಲಿ ಒಂದು ಸಲ ಹೀಗೆ ಮಾಡಿ ನೋಡಿ. ಚಾಪೆ ಹಾಸಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಕೊಳ್ಳಿ. ಗೋಡೆಯಿಂದ ಹಿಮ್ಮಡಿವರೆಗೆ ಅಳೆಯಿರಿ. ಆಮೇಲೆ ಅದೇ ಗೋಡೆಗೆ ಕುರ್ಚಿ ಹಾಕಿ, ಪಾದ ನೆಲಕ್ಕೆ ಊರಿ ಕೂತು ಅಳೆಯಿರಿ. ಎರಡನೆಯದು ಒಂದು ಅಡಿಗಿಂತ ಹೆಚ್ಚೇ ಕಡಿಮೆ ಬರುತ್ತದೆ. ಮನುಷ್ಯ ಅದೇ, ಉದ್ದವೂ ಅದೇ. ಕೂತ ರೀತಿ ಮಾತ್ರ ಬೇರೆ.

ಸೆಡಾನ್‌ನಲ್ಲಿ ಛಾವಣಿ ತಗ್ಗು. ಸೀಟನ್ನೂ ತಗ್ಗಿಸಬೇಕು, ಕಾಲು ಮುಂದಕ್ಕೆ ಚಾಚುತ್ತದೆ. ಚಾಪೆಯ ಲೆಕ್ಕ. ವ್ಯಾಗನ್ ಆರ್ 1675 ಮಿಲಿಮೀಟರ್ ಎತ್ತರ. ಸೀಟನ್ನು ಮೇಲಕ್ಕೆ ಎತ್ತಿದ್ದಾರೆ, ಕಾಲು ಕೆಳಕ್ಕೆ ಇಳಿಯುತ್ತದೆ. ಕುರ್ಚಿಯ ಲೆಕ್ಕ. ಉದ್ದದಲ್ಲಿ ಸಿಗದ ಜಾಗವನ್ನು ಎತ್ತರದಲ್ಲಿ ತೆಗೆದುಕೊಂಡಿದ್ದಾರೆ. ಜಪಾನ್‌ನಲ್ಲಿ ಇದನ್ನು ಮಾಡಲೇಬೇಕಾಯಿತು. ಅಲ್ಲಿ ಕೇ ಕಾರು ಅನ್ನುವ ಸಣ್ಣ ವರ್ಗಕ್ಕೆ 3.4 ಮೀಟರ್ ಉದ್ದ, 1.48 ಮೀಟರ್ ಅಗಲದ ಮಿತಿ ಇದೆ. ಎತ್ತರಕ್ಕೆ ಮಾತ್ರ 2 ಮೀಟರ್‌ವರೆಗೆ ಬಿಟ್ಟಿದ್ದಾರೆ. ಸುಝುಕಿ 1993ರಲ್ಲಿ ಅಲ್ಲಿ ತಂದ ವ್ಯಾಗನ್ ಆರ್ ಆ ಲೆಕ್ಕದಲ್ಲೇ ಹುಟ್ಟಿದ್ದು. ನಮ್ಮಲ್ಲಿಗೆ 1999ರಲ್ಲಿ ಬಂತು. ಅದಕ್ಕೂ ಒಂದು ವರ್ಷ ಮೊದಲೇ ಸ್ಯಾಂಟ್ರೋ ಎತ್ತರದ ಕಾರಾಗಿ ಬಂದಿತ್ತು. ಆಗ ಎರಡನ್ನೂ ಡಬ್ಬಿ ಅಂದವರು ಬಹಳ ಜನ. ಆ ಡಬ್ಬಿಯ ಆಕಾರವೇ ಅದರ ಗುಣ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಲೆಕ್ಕ ಎಂಜಿನ್‌ದು. ಅಂಬಾಸಿಡರ್ ನೆನಪಿದೆಯಾ? ಎಂಜಿನ್ ಉದ್ದಕ್ಕೆ ಕೂತಿತ್ತು, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ವರೆಗೆ ಶಾಫ್ಟ್. ಆ ಶಾಫ್ಟ್‌ಗಾಗಿ ನೆಲದ ನಡುವೆ ದಿಬ್ಬ. ಸುಮಾರು 4.3 ಮೀಟರ್ ಉದ್ದದ ಗಾಡಿಯಾದರೂ ಹಿಂದಿನ ಸೀಟಿನಲ್ಲಿ ನಡುವೆ ಕೂತವರು ಆ ದಿಬ್ಬದ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಡಬೇಕಿತ್ತು. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಮಿನಿ ಕಾರಿನ ಎಂಜಿನ್ ಅನ್ನು ಅಡ್ಡಕ್ಕೆ ತಿರುಗಿಸಿದರು. ಗೇರ್‌ಬಾಕ್ಸನ್ನು ಎಂಜಿನ್ ಕೆಳಗೆ, ಆಯಿಲ್ ಇರುವ ಜಾಗದಲ್ಲೇ ಕೂಡಿಸಿದರು. ಚಕ್ರವನ್ನು 10 ಇಂಚಿಗೆ ಇಳಿಸಿದರು. ಗಾಡಿ ಸುಮಾರು 3 ಮೀಟರ್ ಮಾತ್ರ. ಆದರೆ ನೆಲದ ಹತ್ತರಲ್ಲಿ ಎಂಟು ಪಾಲು ಜನಕ್ಕೆ ಮತ್ತು ಸಾಮಾನಿಗೆ ಸಿಕ್ಕಿತು. 1964ರಲ್ಲಿ ಇಟಲಿಯ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ಡಾಂಟೆ ಜಾಕೋಸಾ ಗೇರ್‌ಬಾಕ್ಸನ್ನು ಎಂಜಿನ್ ಪಕ್ಕಕ್ಕೆ, ಒಂದೇ ಸಾಲಿನಲ್ಲಿ ಇಟ್ಟರು. ಇವತ್ತು ನೀವು ನೋಡಿದ ಮೂರೂ ಗಾಡಿಗಳಲ್ಲಿ ಇರುವುದು ಆ ಜೋಡಣೆಯೇ.

ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಲ್ಲಿ ಅವ್ವ ಹತ್ತಿದ್ದಾರಾ? ಎಂಜಿನ್ ಹಿಂದೆ ಇದೆ, ಬಸ್ಸಿನ ನೆಲ ನಿಲ್ದಾಣದ ಕಟ್ಟೆಗೆ ಸಮ ಇದೆ. ಮೆಟ್ಟಿಲೇ ಇಲ್ಲ. ಹಿರಿಯರು ಮನೆಯೊಳಗೆ ಕಾಲಿಟ್ಟ ಹಾಗೆ ಹತ್ತುತ್ತಾರೆ. ಕಾರಿನಲ್ಲೂ ನೀವು ಹುಡುಕಬೇಕಾದದ್ದು ಅದನ್ನೇ.

ಫಿಸಿಯೋ ಧಾರವಾಡ:

ಬಾಡಿ ಶಾಪ್ ಅಣ್ಣನ ಕುರ್ಚಿ ಲೆಕ್ಕ ತುಂಬಾ ಸರಿ. ನನ್ನ ಕೆಲಸದಿಂದ ಒಂದು ಮಾತು ಸೇರಿಸುತ್ತೇನೆ.

ಮೊಣಕಾಲು ನೋವು ಇದ್ದವರಿಗೆ ಕೂತಾಗ ಅಲ್ಲ, ಕೂಡುವಾಗ ಮತ್ತು ಏಳುವಾಗ ಕಷ್ಟ. ಸೀಟು ಮೊಣಕಾಲಿಗಿಂತ ಸ್ವಲ್ಪ ಮೇಲೆ ಇದ್ದರೆ ಜಾರಿ ಕೂತು, ಜಾರಿ ಇಳಿಯಬಹುದು. ತೀರಾ ಕೆಳಗಿದ್ದರೆ ಇಡೀ ಮೈ ಭಾರ ಮೊಣಕಾಲ ಮೇಲೆ ಬರುತ್ತದೆ. ತೀರಾ ಮೇಲಿದ್ದರೆ ಒಂದು ಕಾಲ ಮೇಲೆ ನಿಂತು ಹತ್ತಬೇಕು. ಅದು ಇನ್ನೂ ಕಷ್ಟ. ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಲ್ಲ. ಅವ್ವನ ಎತ್ತರಕ್ಕೆ ಯಾವುದು ಹೊಂದುತ್ತದೆ ಅಂತ ನೋಡಿ.

ಬಾಗಿಲು ಎಷ್ಟು ಅಗಲ ತೆರೆಯುತ್ತದೆ ಅಂತಲೂ ನೋಡಿ. ಹಿಂದಿನ ಚಕ್ರದ ಗುಮ್ಮಟ ಬಾಗಿಲಿನ ಕೆಳಗಿನ ಮೂಲೆಯನ್ನು ತಿಂದಿರುತ್ತದೆ. ಕಾಲು ಹೊರಗೆ ತರುವಾಗ ಪಾದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಛಾವಣಿ ಹಿಂದಕ್ಕೆ ಇಳಿಜಾರಾಗಿದ್ದರೆ ತಲೆ ಬಗ್ಗಿಸಿ, ಸೊಂಟ ತಿರುಗಿಸಿ ಒಳಗೆ ಹೋಗಬೇಕು. ವಯಸ್ಸಾದವರಿಗೆ ಆ ಎರಡೂ ಒಟ್ಟಿಗೆ ಆಗುವುದಿಲ್ಲ.

ಗದಗ ಟ್ಯಾಕ್ಸಿ:

ನಮಸ್ಕಾರ ಅಕ್ಕಾರ. ಗದಗದಿಂದ ಹುಬ್ಬಳ್ಳಿ ಏರ್‌ಪೋರ್ಟ್, ರೈಲ್ವೆ ಸ್ಟೇಷನ್ ಬಾಡಿಗೆ ಹೊಡೆಯುತ್ತೇನೆ. ಡಿಜೈರ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಮೂರು ಡಿಜೈರ್ ಓಡಿಸಿದ್ದೇನೆ.

ಮೊದಲನೆಯದು 2010ರದು. ಆಗ ಅದು 4160 ಮಿಲಿಮೀಟರ್ ಉದ್ದ. ಡಿಕ್ಕಿ 440 ಲೀಟರ್. ದುಬೈಯಿಂದ ಬಂದವರ ಎರಡು ದೊಡ್ಡ ಸೂಟ್‌ಕೇಸ್, ಮೇಲೆ ಕೈಚೀಲಗಳು, ಎಲ್ಲಾ ಕೂಡುತ್ತಿತ್ತು. 2012ರಲ್ಲಿ ಆ ಗಾಡಿಯನ್ನು ತೆರಿಗೆ ಗೆರೆಯೊಳಗೆ ತರಲು 3995ಕ್ಕೆ ಕತ್ತರಿಸಿದರು. ಡಿಕ್ಕಿ 316ಕ್ಕೆ ಇಳಿಯಿತು. ಒಂದೇ ಹೆಸರಿನ ಗಾಡಿ, ನೂರಕ್ಕೂ ಹೆಚ್ಚು ಲೀಟರ್ ಹೋಯಿತು. ಆದರೆ ಹಿಂದಿನ ಸೀಟಿನ ಕಾಲಿನ ಜಾಗ ಕಡಿಮೆ ಆಗಲಿಲ್ಲ, ಮುಂದಿನ ಚಕ್ರದಿಂದ ಹಿಂದಿನ ಚಕ್ರದ ಅಂತರ 2390ರಿಂದ 2430ಕ್ಕೆ ಏರಿತ್ತು. ಅಂದರೆ ಕತ್ತರಿ ಬಿದ್ದದ್ದು ಸಾಮಾನಿನ ಜಾಗಕ್ಕೆ. 2017ರಲ್ಲಿ ಅದೇ 3995ರಲ್ಲಿ ಡಿಕ್ಕಿ 378 ಲೀಟರ್ ಆಯಿತು. ಉದ್ದ ಒಂದು ಕೂದಲಷ್ಟೂ ಹೆಚ್ಚಿಲ್ಲ. ಅಗಲ ಸ್ವಲ್ಪ ಹೆಚ್ಚಿತು, ಒಳಗಿನ ಹಂಚಿಕೆ ಸುಧಾರಿಸಿತು. ಬಾಡಿ ಶಾಪ್ ಅಣ್ಣ ಹೇಳಿದ ಹೊಲದ ಪಾಲು ನಾನು ಕಣ್ಣಾರೆ ಕಂಡದ್ದು ಹೀಗೆ.

ಲೀಟರ್ ನೋಡಿ ಮೋಸ ಹೋಗಬೇಡಿ. ಸೆಡಾನ್ ಡಿಕ್ಕಿ ಒಳಗೆ ದೊಡ್ಡದು, ಬಾಯಿ ಸಣ್ಣದು. ಹಿಂದಿನ ಗಾಜು ಇಳಿಜಾರಾಗಿ ಬಂದು ಬಾಯಿಯನ್ನು ತಿಂದಿರುತ್ತದೆ. ಟಿವಿ ಡಬ್ಬಿ, ದೊಡ್ಡ ಕುಕ್ಕರ್ ಡಬ್ಬಿ ಒಳಗೆ ಹಿಡಿಸುತ್ತದೆ, ಆದರೆ ಬಾಯಿಯಲ್ಲಿ ಹೋಗುವುದಿಲ್ಲ. ಮುಚ್ಚಳದ ಕೊಂಡಿಗಳು ಬಾಗಿದ ಕಬ್ಬಿಣವಾದರೆ ಮುಚ್ಚುವಾಗ ಒಳಗೆ ಇಳಿದು ಬ್ಯಾಗಿನ ಮೇಲೆ ಕೂಡುತ್ತವೆ. ಒಮ್ಮೆ ಒಬ್ಬ ಗಿರಾಕಿಯ ಪೆಟ್ಟಿಗೆಯಲ್ಲಿದ್ದ ಧಾರವಾಡ ಪೇಡಾ ಡಬ್ಬಿಗಳೆಲ್ಲಾ ಹೀಗೆ ಜಜ್ಜಿದವು. ಆವತ್ತಿನಿಂದ ಕೊಂಡಿಯ ಕೆಳಗೆ ಬರೀ ಬಟ್ಟೆ ಬ್ಯಾಗು ಇಡುತ್ತೇನೆ.

ಇನ್ನೊಂದು ಮಾತು. ನೀವು ಮೆಣಸಿನಕಾಯಿ ಅಂದಿರಿ. ಹ್ಯಾಚ್‌ಬ್ಯಾಕ್, ಎಸ್‌ಯುವಿ ಎರಡರಲ್ಲೂ ಡಿಕ್ಕಿ ಮತ್ತು ಸೀಟಿನ ಗಾಳಿ ಒಂದೇ. ಬ್ಯಾಡಗಿಯಿಂದ ಹುಬ್ಬಳ್ಳಿವರೆಗೆ ಆ ಘಾಟಿನಲ್ಲಿ ಮಕ್ಕಳು ಸೀನುತ್ತಾ ಬರುತ್ತಾರೆ. ಸೆಡಾನ್‌ನಲ್ಲಿ ನಡುವೆ ಸೀಟಿನ ಗೋಡೆ ಇರುತ್ತದೆ. ಈ ಒಂದು ವಿಷಯದಲ್ಲಿ ಸೆಡಾನ್‌ಗೆ ಸಮ ಇಲ್ಲ.

ನವಲಗುಂದ ರೈತ:

ಅಕ್ಕಾರ, ನಿಮ್ಮ ಮನೆಯವರು ಹೇಳುವುದು ಸರಿ. ಹಳ್ಳಿ ರಸ್ತೆಗೆ ಎತ್ತರದ ಗಾಡಿಯೇ ಬೇಕು. ನನ್ನದು ಬೊಲೆರೊ. ಗುಂಡಿ, ಹಂಪ್, ಹೊಲದ ಬದು, ಯಾವುದಕ್ಕೂ ಹೊಟ್ಟೆ ತಾಗಿಲ್ಲ. ಊರಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾದರೆ ನನ್ನ ಗಾಡಿಯನ್ನೇ ಕೇಳುತ್ತಾರೆ. ಇಲ್ಲಿ ಎಲ್ಲರೂ ಸಣ್ಣ ಕಾರನ್ನೇ ಹೊಗಳುತ್ತಿದ್ದೀರಿ. ಹುಬ್ಬಳ್ಳಿಯ ಡಾಂಬರು ರಸ್ತೆಯಲ್ಲಿ ನಿಂತು ಹಳ್ಳಿಗೆ ಗಾಡಿ ಆರಿಸಿದರೆ ಹೇಗೆ?

ಧಾರವಾಡ ಬಾಡಿ ಶಾಪ್:

ರೈತಣ್ಣಾರ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಎತ್ತರ ಅನ್ನುವ ಒಂದೇ ಮಾತಿನಲ್ಲಿ ಮೂರು ಎತ್ತರ ಸೇರಿವೆ. ನೆಲದಿಂದ ಗಾಡಿಯ ಹೊಟ್ಟೆಗೆ ಒಂದು. ಹೊಟ್ಟೆಯಿಂದ ಸೀಟಿಗೆ ಒಂದು. ಸೀಟಿನಿಂದ ಛಾವಣಿಗೆ ಒಂದು. ಗುಂಡಿಗೆ ಬೇಕಾದದ್ದು ಮೊದಲನೆಯದು. ಅವ್ವನಿಗೆ ಬೇಕಾದದ್ದು ಉಳಿದೆರಡು.

ನಿಮ್ಮ ಬೊಲೆರೊದಲ್ಲಿ ಕೆಳಗೆ ಬಲವಾದ ಚಾಸಿ ಇದೆ, ಅದರ ಮೇಲೆ ಬಾಡಿ ಕೂತಿದೆ. ಭಾರಕ್ಕೆ ಅದು ಗಟ್ಟಿ. ಆದರೆ ಚಾಸಿಯ ದಪ್ಪದಷ್ಟು ನೆಲ ಮೇಲೇರುತ್ತದೆ. ನೆಲ ಮೇಲೇರಿತು ಅಂದರೆ ಮೆಟ್ಟಿಲು ಎತ್ತರ ಆಯಿತು, ಅಷ್ಟು ಜಾಗ ಜನರ ಕೈತಪ್ಪಿತು. ಇನೋವಾ ಇದಕ್ಕೆ ಒಳ್ಳೆಯ ಉದಾಹರಣೆ. 2005ರದೂ, 2016ರ ಕ್ರಿಸ್ಟಾ ಕೂಡ ಚಾಸಿ ಮೇಲಿನ ಬಾಡಿ, ಹಿಂದಿನ ಚಕ್ರಕ್ಕೆ ಶಾಫ್ಟ್. 2022ರಲ್ಲಿ ಬಂದ ಹೈಕ್ರಾಸ್‌ನಲ್ಲಿ ಚಾಸಿ ತೆಗೆದು ಬಾಡಿಯನ್ನೇ ಬಲ ಮಾಡಿದರು, ಮುಂದಿನ ಚಕ್ರಕ್ಕೆ ಬಲ ಕೊಟ್ಟರು. ಶಾಫ್ಟ್ ಹೋಯಿತು, ನೆಲ ಇಳಿಯಿತು.

ಇನ್ನು ಸಣ್ಣ ಎಸ್‌ಯುವಿಗಳ ವಿಷಯ. ಇವುಗಳಲ್ಲಿ ಹೆಚ್ಚಿನವು ಚಾಸಿ ಗಾಡಿಗಳಲ್ಲ, ಕಾರಿನ ಅಡಿಪಾಯದ ಮೇಲೇ ಕಟ್ಟಿದವು. ಗತ್ತಿಗೆ ಬಾನೆಟ್ ಎತ್ತರ ಮತ್ತು ಉದ್ದ ಬೇಕು, ಚಕ್ರ ದೊಡ್ಡದು ಬೇಕು, ದೊಡ್ಡ ಚಕ್ರಕ್ಕೆ ದೊಡ್ಡ ಗುಮ್ಮಟ ಬೇಕು. ಎಲ್ಲವೂ ಅದೇ 4 ಮೀಟರ್‌ನಿಂದಲೇ ಹೋಗಬೇಕು. ಈ ಲೆಕ್ಕ ನೋಡಿ: 3995 ಉದ್ದದ ಬ್ರೆಝಾದ ಡಿಕ್ಕಿ 328 ಲೀಟರ್. 3655 ಉದ್ದದ ವ್ಯಾಗನ್ ಆರ್‌ದು 341. ಬ್ರೆಝಾದಲ್ಲಿ ಅಗಲ ಜಾಸ್ತಿ, 1790 ಮಿಲಿಮೀಟರ್, ಮೂರು ಜನ ದೊಡ್ಡವರು ಹಿಂದೆ ಕೂಡುವುದಾದರೆ ಅದೇ ಒಳ್ಳೆಯದು. ವ್ಯಾಗನ್ ಆರ್ 1620 ಮಾತ್ರ. ಮೂರು ದೊಡ್ಡವರ ಹೆಗಲು ತಾಗುತ್ತದೆ. ಅಕ್ಕಾರ, ನಿಮ್ಮ ಮಕ್ಕಳು ಈಗ ಸಣ್ಣವರು. ಐದು ವರ್ಷದ ಮೇಲೆ ಏನು ಅಂತಲೂ ಯೋಚಿಸಿ.

ಮುಂದಿನ ಬಾನೆಟ್ ಪೂರ್ತಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಅಪಘಾತದಲ್ಲಿ ಅದು ಮಡಚಿಕೊಂಡು ಪೆಟ್ಟನ್ನು ತಾನು ತಗೊಳ್ಳಬೇಕು. 1984ರ ಮಾರುತಿ ವ್ಯಾನ್, ಅಂದರೆ ಓಮ್ನಿಯಲ್ಲಿ, ಎಂಜಿನ್ ಮುಂದಿನ ಸೀಟಿನ ಕೆಳಗೆ. ಜಾಗದ ಲೆಕ್ಕದಲ್ಲಿ ಅದನ್ನು ಮೀರಿಸಿದ ಗಾಡಿ ಇಲ್ಲ. ಆದರೆ ಡ್ರೈವರ್‌ನ ಮೊಣಕಾಲಿನ ಮುಂದೆ ಬರೀ ತಗಡು. ಸುರಕ್ಷತಾ ನಿಯಮ ಬಿಗಿಯಾದಾಗ 2019ರಲ್ಲಿ ಅದು ನಿಂತಿತು. ನಿಲ್ಲಬೇಕಾದದ್ದೇ. ಜಾಗಕ್ಕಾಗಿ ಜೀವದ ಜೊತೆ ಚೌಕಾಸಿ ಮಾಡಬಾರದು.

ನವಲಗುಂದ ರೈತ:

ಬಾಡಿ ಶಾಪ್ ಸರ್, ಮೂರು ಎತ್ತರದ ಮಾತು ತಿಳಿಯಿತು. ನಮ್ಮ ಮನೆಯಲ್ಲೂ ಅವ್ವ ಬೊಲೆರೊ ಹತ್ತಲು ಪ್ಲಾಸ್ಟಿಕ್ ಸ್ಟೂಲ್ ಇಡುತ್ತೇವೆ. ಅದು ದಿನವೂ ಮಾಡುವ ಕೆಲಸ ಅಂತ ಯೋಚನೆಯೇ ಮಾಡಿರಲಿಲ್ಲ.

ಅಕ್ಕಾರ, ಎರೆ ದಾರಿಯ ಬಗ್ಗೆ ಒಂದು ನಿಜ ಹೇಳಬೇಕು. ಬೇಸಿಗೆಯಲ್ಲಿ ಎರೆ ಮಣ್ಣು ಸಿಮೆಂಟಿನ ಹಾಗೆ. ಯಾವ ಕಾರಾದರೂ ನಿಧಾನಕ್ಕೆ ಹೋಗುತ್ತದೆ. ಮಳೆ ಬಿದ್ದು ಹದ ಆದ ಮೇಲೆ ಬೊಲೆರೊ ಕೂಡ ಹೋಗಲ್ಲ. ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗುಮ್ಮಟದ ಒಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ನಾವೇ ರಸ್ತೆ ಬದಿ ಗಾಡಿ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಆ ಎರಡು ಕಿಲೋಮೀಟರ್‌ಗಾಗಿ ಮಾತ್ರ ಎಸ್‌ಯುವಿ ತಗೊಳ್ಳುವುದಾದರೆ ಇನ್ನೊಮ್ಮೆ ವಿಚಾರ ಮಾಡಿ.

ಬ್ಯಾಡಗಿ ದಲಾಲಿ ಅಂಗಡಿ:

ನಮ್ಮ ಊರಿನ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಮೆಣಸಿನಕಾಯಿ ಚೀಲದ ವಿಷಯ ನನಗೆ ಬಿಡಿ.

ಬ್ಯಾಡಗಿ ಕಾಯಿ ಸುಕ್ಕು ಸುಕ್ಕಾಗಿರುತ್ತದೆ, ಒಳಗೆ ಗಾಳಿ. ಚೀಲ ಆಳುದ್ದ ಕಾಣುತ್ತದೆ, ಒಬ್ಬನೇ ಹಮಾಲ ಎತ್ತುತ್ತಾನೆ. ಅಷ್ಟೇ ಗಾತ್ರದ ಜೋಳದ ಚೀಲಕ್ಕೆ ಇಬ್ಬರು ಬೇಕು. ಕಾರಿಗೆ ಇವೆರಡೂ ಬೇರೆ ಬೇರೆ ಪರೀಕ್ಷೆ. ಜೋಳಕ್ಕೆ ಜಾಗ ಸಾಕಾಗುತ್ತದೆ, ಹಿಂದಿನ ಸ್ಪ್ರಿಂಗ್ ಕೂತುಬಿಡುತ್ತದೆ. ಮೆಣಸಿನಕಾಯಿಗೆ ಸ್ಪ್ರಿಂಗ್‌ಗೆ ಏನೂ ಆಗುವುದಿಲ್ಲ, ಜಾಗವೇ ಸಾಲುವುದಿಲ್ಲ.

ಡಿಕ್ಕಿಯ ಲೀಟರ್ ಅಳೆಯುವ ರೀತಿ ಗೊತ್ತಾದ ಮೇಲೆ ನನಗೆ ಕಾರಣ ತಿಳಿಯಿತು. 200, 100, 50 ಮಿಲಿಮೀಟರ್ ಅಳತೆಯ ಇಟ್ಟಿಗೆಗಳನ್ನು ತುಂಬಿ ಲೆಕ್ಕ ಹಾಕುತ್ತಾರೆ. ಒಂದು ಇಟ್ಟಿಗೆ ಅಂದರೆ ಒಂದು ಲೀಟರ್. ಸಣ್ಣ ಇಟ್ಟಿಗೆ ಮೂಲೆ ಮೂಲೆಗೂ ಹೋಗುತ್ತದೆ. ಚೀಲ ಹೋಗುವುದಿಲ್ಲ. ಚೀಲಕ್ಕೆ ಬೇಕಾದದ್ದು ಎರಡು ಚಕ್ರದ ಗುಮ್ಮಟಗಳ ನಡುವಿನ ಅಗಲ, ಸಪಾಟಾದ ನೆಲ, ಮತ್ತೆ ತಗ್ಗಾದ ಹೊಸ್ತಿಲು. ಹೊಸ್ತಿಲು ಎತ್ತರ ಇದ್ದರೆ ಚೀಲವನ್ನು ಎದೆ ಮಟ್ಟಕ್ಕೆ ಎತ್ತಿ ಮತ್ತೆ ಒಳಗೆ ಇಳಿಸಬೇಕು. ನಾನು ಇಟ್ಟುಕೊಂಡಿರುವುದು ಮಾರುತಿ ಈಕೋ ವ್ಯಾನ್. ನೆಲ ಸಪಾಟು, ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ನಮ್ಮ ಮಾರ್ಕೆಟ್‌ನ ಇಕ್ಕಟ್ಟಿನಲ್ಲಿ ಬಾಗಿಲು ಹೊರಗೆ ತೆರೆಯಲು ಜಾಗವೇ ಇರುವುದಿಲ್ಲ.

ನಿಮಗೆ ವರ್ಷಕ್ಕೆ ಒಂದೇ ಚೀಲ ಆದರೆ ಅದಕ್ಕಾಗಿ ದೊಡ್ಡ ಗಾಡಿ ಬೇಡ. ಕಾಯಿಯನ್ನು ಎರಡು ಸಣ್ಣ ಚೀಲಕ್ಕೆ ಹಾಕಿಸಿ. ಒಂದು ದೊಡ್ಡ ಚೀಲ ಹಿಡಿಸದ ಡಿಕ್ಕಿಯಲ್ಲಿ ಎರಡು ಸಣ್ಣವು ಹಿಡಿಸುತ್ತವೆ, ಮೆತ್ತಗೆ ಒತ್ತಿದರೆ ಮೂಲೆ ಸೇರುತ್ತವೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿಯಾಗಿ ಕಟ್ಟಿದರೆ ಘಾಟೂ ಕಡಿಮೆ. ಜೋರಾಗಿ ತುಳಿದು ತುಂಬಬೇಡಿ, ಕಾಯಿ ಮುರಿದರೆ ಬೀಜ ಉದುರುತ್ತದೆ.

ವಿದ್ಯಾನಗರ ಹುಬ್ಬಳ್ಳಿ:

ಎರಡು ಚೀಲದ ಮಾತು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಕಾಕಾರ.

ಇನ್ನೊಂದು ಸಂದೇಹ. ಪೆಟ್ರೋಲ್ ಖರ್ಚು ನೋಡಿ ಸಿಎನ್‌ಜಿ ತಗೊಳ್ಳೋಣ ಅಂತ ಇದ್ದೇವೆ. ಡಿಕ್ಕಿ ಪೂರ್ತಿ ಹೋಗುತ್ತದಾ?

ಗದಗ ಟ್ಯಾಕ್ಸಿ:

ಪೂರ್ತಿ ಹೋಗಲ್ಲ, ಆದರೆ ಉಳಿದದ್ದು ಉಪಯೋಗಕ್ಕೆ ಬರುವುದು ಕಷ್ಟ. ಒಂದೇ ದೊಡ್ಡ ಸಿಲಿಂಡರ್ ಅಡ್ಡಕ್ಕೆ ಮಲಗಿರುತ್ತದೆ. ಅದರ ಸುತ್ತ ಸಣ್ಣ ಸಣ್ಣ ಚೀಲ ತುರುಕಬಹುದು, ಸೂಟ್‌ಕೇಸ್ ಇಲ್ಲ. ನನ್ನ ಈಗಿನ ಗಾಡಿ ಸಿಎನ್‌ಜಿ, ಅದಕ್ಕೇ ಮೇಲೆ ಕ್ಯಾರಿಯರ್ ಹಾಕಿಸಿದ್ದೇನೆ. ನಿಮಗೆ ತಿಂಗಳಿಗೆ ಒಂದೆರಡು ಸಲದ ಪ್ರಯಾಣ ಆದರೆ ಸಿಲಿಂಡರ್‌ಗೆ ಡಿಕ್ಕಿ ಕೊಡುವುದು ಲಾಭ ಅಲ್ಲ ಅಂತ ನನಗೆ ಅನಿಸುತ್ತದೆ. ನಮ್ಮಂಥ ದಿನಾ ಓಡಿಸುವವರ ಲೆಕ್ಕ ಬೇರೆ.

ಧಾರವಾಡ ಬಾಡಿ ಶಾಪ್:

2023ರಲ್ಲಿ ಟಾಟಾದವರು ಆಲ್ಟ್ರೋಝ್‌ನಲ್ಲಿ ಒಂದು ದೊಡ್ಡ ಸಿಲಿಂಡರ್ ಬದಲು 30 ಲೀಟರ್‌ನ ಎರಡು ಸಣ್ಣ ಸಿಲಿಂಡರ್ ಅಕ್ಕಪಕ್ಕ ಮಲಗಿಸಿ ಮೇಲೆ ಸಪಾಟು ಹಲಗೆ ಕೊಟ್ಟರು. ಪೆಟ್ರೋಲ್ ಗಾಡಿಯಲ್ಲಿ 345 ಲೀಟರ್ ಇದ್ದದ್ದು 210 ಆಯಿತು. ಕಡಿಮೆಯೇ, ಆದರೆ ಆ 210 ಪೂರ್ತಿ ಬಳಸಬಹುದಾದ ಜಾಗ. ದಲಾಲಿ ಕಾಕಾ ಮೆಣಸಿನಕಾಯಿಗೆ ಹೇಳಿದ್ದೂ ಇದೇ ಲೆಕ್ಕ, ಒಂದು ದೊಡ್ಡದರ ಬದಲು ಎರಡು ಸಣ್ಣವು.

ಸ್ಟೆಪ್ನಿ ಬಗ್ಗೆಯೂ ಕೇಳಿ ನೋಡಿ. 2020ರಲ್ಲಿ ನಿಯಮ ಬದಲಾಯಿತು. ಟ್ಯೂಬ್‌ಲೆಸ್ ಟಯರ್, ಗಾಳಿ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆ ಗಾಡಿ ಕೊಡಬಹುದು. ಡಿಕ್ಕಿ ದೊಡ್ಡದಾಗುತ್ತದೆ ನಿಜ. ಆದರೆ ರಾತ್ರಿ ಊರಿನ ದಾರಿಯಲ್ಲಿ ಟಯರ್ ಪಕ್ಕದಲ್ಲಿ ಸೀಳಿದರೆ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಹಳ್ಳಿ ದಾರಿ ಇದ್ದವರು ಸ್ಟೆಪ್ನಿ ಬಿಡಬೇಡಿ.

ಹಾವೇರಿ ಇವಿ:

ಎಲೆಕ್ಟ್ರಿಕ್ ಕಾರಿನ ಮಾತು ಯಾರೂ ಎತ್ತಲಿಲ್ಲ. ಅದಕ್ಕೆ ಜಿಎಸ್‌ಟಿ ಶೇ 5 ಮಾತ್ರ, ಉದ್ದ ಎಷ್ಟಾದರೂ ಸರಿ. ಅಂದರೆ 4 ಮೀಟರ್ ಗೆರೆಯ ಹಂಗೇ ಇಲ್ಲ. 2024ರಲ್ಲಿ ಬಂದ ಎಂಜಿ ಕಂಪನಿಯ ವಿಂಡ್ಸರ್ 4295 ಉದ್ದ, ಚಕ್ರದಿಂದ ಚಕ್ರಕ್ಕೆ 2700, ಡಿಕ್ಕಿ 604 ಲೀಟರ್. ಮುಂದೆ ದೊಡ್ಡ ಎಂಜಿನ್ ಇಲ್ಲದ್ದಕ್ಕೆ ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಬಹುದು.

ಒಂದು ಕೊರತೆ ಹೇಳಬೇಕು. ಬ್ಯಾಟರಿ ನೆಲದ ಕೆಳಗೆ ಇರುತ್ತದೆ, ನೆಲ ಮೇಲೇರುತ್ತದೆ. ಸೀಟನ್ನು ಅಷ್ಟೇ ಎತ್ತದಿದ್ದರೆ ಮೊಣಕಾಲು ಮೇಲೆದ್ದು ತೊಡೆಗೆ ಆಸರೆ ಸಿಗುವುದಿಲ್ಲ. ಪೆಟ್ರೋಲ್ ಕಾರಿಗೇ ಬ್ಯಾಟರಿ ಜೋಡಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ನಮ್ಮಪ್ಪನವರಿಗೆ ಒಂದು ಗಂಟೆ ಕೂತರೆ ತೊಡೆ ಜೋಮು ಹಿಡಿಯುತ್ತದೆ. ಚಿಕ್ಕ ದಿಂಬು ಕೊಡುತ್ತೇವೆ.

ರಾಣೆಬೆನ್ನೂರು:

ನನ್ನ ತಮ್ಮ ಗಾಲಿಕುರ್ಚಿ ಬಳಸುತ್ತಾನೆ. ಕಾರು ನೋಡಲು ಹೋದಾಗ ಒಂದು ಶೋರೂಮ್‌ನಲ್ಲಿ ಕುರ್ಚಿಯನ್ನು ಡಿಕ್ಕಿಗೆ ಇಟ್ಟು ನೋಡಲು ಬಿಡಲಿಲ್ಲ, ಪೇಂಟ್‌ಗೆ ಗೀರು ಬೀಳುತ್ತದೆ ಅಂದರು. ಅಲ್ಲಿಂದ ಎದ್ದು ಬಂದೆವು. ಇನ್ನೊಂದು ಕಡೆ ಹುಡುಗನೇ ಚಾದರ ಹಾಸಿ ಎತ್ತಿ ಇಟ್ಟ. ಮಡಚಿದ ಕುರ್ಚಿಯ ದೊಡ್ಡ ಚಕ್ರ 24 ಇಂಚು. ಡಿಕ್ಕಿಗೆ 400 ಲೀಟರ್ ಬರೆದಿದ್ದರೂ ಎತ್ತರ ಸಾಲದಿದ್ದರೆ ಮುಚ್ಚಳ ಮುಚ್ಚುವುದಿಲ್ಲ. ಅಕ್ಕಾರ, ಮುಂದೆ ಅವ್ವನಿಗೆ ವಾಕರ್ ಬೇಕಾಗಬಹುದು. ಈಗಲೇ ಅದರ ಜಾಗ ನೋಡಿಕೊಳ್ಳಿ. ನಿಮ್ಮ ಸಾಮಾನು ತಗೊಂಡೇ ಹೋಗಿ, ಬಿಡದಿದ್ದರೆ ಬೇರೆ ಅಂಗಡಿ ನೋಡಿ.

ವಿದ್ಯಾನಗರ ಹುಬ್ಬಳ್ಳಿ:

ಎಲ್ಲರ ಮಾತು ಓದಿಕೊಂಡು ಭಾನುವಾರ ಮತ್ತೆ ಹೋಗಿದ್ದೆವು. ಈ ಸಲ ಅವ್ವ, ರೊಟ್ಟಿ ಬುಟ್ಟಿ, ಬಟ್ಟೆ ಬ್ಯಾಗು, ಹತ್ತಿ ತುಂಬಿದ ಎರಡು ಚೀಲ, ಪಕ್ಕದ ಮನೆಯವರ ವಾಕರ್, ಅಳತೆ ಟೇಪು ಎಲ್ಲವೂ ಜೊತೆಗೆ. ಕೆಲಸದ ಹುಡುಗರು ಬೇಸರ ಮಾಡಿಕೊಳ್ಳಲಿಲ್ಲ, ಪಾಪ ಅವರೇ ಟೇಪಿನ ತುದಿ ಹಿಡಿದರು.

ನೆಲದಿಂದ ಹಿಂದಿನ ಸೀಟಿನ ಅಂಚಿಗೆ ನಾನು ಅಳೆದದ್ದು: ಸೆಡಾನ್ ಸುಮಾರು 19 ಇಂಚು, ಎತ್ತರದ ಹ್ಯಾಚ್‌ಬ್ಯಾಕ್ 23, ಎಸ್‌ಯುವಿ 27. ಅವ್ವ ಸೆಡಾನ್‌ನಲ್ಲಿ ಕೂತರು, ಏಳುವಾಗ ಮುಂದಿನ ಸೀಟು ಹಿಡಿದು ಎರಡು ಸಲ ಪ್ರಯತ್ನ ಮಾಡಬೇಕಾಯಿತು. ಎಸ್‌ಯುವಿಗೆ ಹತ್ತುವಾಗ ನಮ್ಮ ಮನೆಯವರ ತೋಳು ಹಿಡಿದರು. ಅವರೇ ಅದನ್ನು ನೋಡಿ ಸುಮ್ಮನಾದರು. ಆಮೇಲೆ ಹ್ಯಾಚ್‌ಬ್ಯಾಕ್‌ನ ಬಾಗಿಲನ್ನು ಅವರೇ ತೆರೆದು ಕೊಟ್ಟರು. ಅವ್ವ ಹಿಂದಕ್ಕೆ ಸರಿದು ಕೂತು, ಕಾಲು ಒಳಗೆ ತಗೊಂಡರು. ಅಷ್ಟೇ. ಮನೆಯ ಕಟ್ಟೆ ಮೇಲೆ ಕೂತ ಹಾಗೆ ಇದೆ ಅಂದರು.

ಡಿಕ್ಕಿಯಲ್ಲಿ ಎರಡು ಸಣ್ಣ ಚೀಲ ನಿಂತವು. ಅವುಗಳ ಮುಂದೆ ಬಟ್ಟೆ ಬ್ಯಾಗು. ಡಿಕ್ಕಿಯ ಮೇಲೆ ಮುಚ್ಚುವ ಹಲಗೆ ತೆಗೆಯಬೇಕಾಯಿತು. ವಾಕರ್ ಮಡಚಿ ಮೇಲೆ ಇಟ್ಟೆವು, ಬಾಗಿಲು ಮುಚ್ಚಿತು. ರೊಟ್ಟಿ ಬುಟ್ಟಿಗೆ ಮಾತ್ರ ಜಾಗ ಇಲ್ಲ. ಅದು ಮುಂದೆ ನನ್ನ ಕಾಲ ಹತ್ತಿರ ಬರುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಹಿಂದೆ ಇಕ್ಕಟ್ಟು ಆಗುತ್ತದೆ ಅನ್ನುವುದೂ ಗೊತ್ತಿದೆ. ಅದನ್ನು ಮಾತಾಡಿಕೊಂಡೇ ಒಪ್ಪಿದೆವು. ಮಗಳಿಗೆ ಸನ್‌ರೂಫ್ ಇಲ್ಲ ಅಂತ ಬೇಜಾರು. ಸನ್‌ರೂಫ್ ಇದ್ದ ಗಾಡಿಯಲ್ಲಿ ಅದರ ಚೌಕಟ್ಟಿನಿಂದ ಛಾವಣಿ ಒಳಗೆ ಇಳಿದಿರುವುದನ್ನು ಅವಳಪ್ಪನ ತಲೆ ಮೇಲೆ ಕೈಯಿಟ್ಟು ತೋರಿಸಿದೆವು. ಒಪ್ಪಿದ್ದಾಳೆ ಅಂತ ಹೇಳಲಾರೆ.

ಸಿಎನ್‌ಜಿ ಬಿಟ್ಟು ಪೆಟ್ರೋಲ್‌ದೇ ಬುಕ್ ಮಾಡಿದ್ದೇವೆ.

ನವಲಗುಂದ ರೈತ:

ಒಳ್ಳೆಯದಾಯಿತು ಅಕ್ಕಾರ. ಅವ್ವನ ಅಳತೆ ಹೇಗೆ ತಗೊಂಡಿರಿ ಅಂತ ಹೇಳಿ. ನಮ್ಮ ಅವ್ವನದೂ ಅಳೆಯಬೇಕು. ಮುಂದಿನ ವರ್ಷ ಮನೆಗೆ ಇನ್ನೊಂದು ಗಾಡಿ ತರುವ ವಿಚಾರ ಇದೆ.

ವಿದ್ಯಾನಗರ ಹುಬ್ಬಳ್ಳಿ:

ಕುರ್ಚಿ ಮೇಲೆ ಕೂಡಿಸಿ, ಪಾದ ನೆಲಕ್ಕೆ ಊರಿಸಿ ಅಣ್ಣಾರ. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ. ನಮ್ಮ ಅವ್ವನದು 16 ಇಂಚು ಬಂತು. ಚಪ್ಪಲಿ ಹಾಕಿಸಿಯೇ ಅಳೆಯಿರಿ.